ಆರ್ಲಿಕ್ ಎಲ್ಲಿ ಹೋದ?

ಪ್ರಶ್ನೆ: ಮಗಳಿಗೆ ಬಿ.ಎ.ಯಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಪಠ್ಯ. ನನ್ನ ಕಾಲದಲ್ಲೂ ಅದೇ ಇತ್ತು. ಮೊನ್ನೆ ಡೇವಿಡ್ ಲೀನ್ ಮಾಡಿದ 1946ರ ಕಪ್ಪು-ಬಿಳುಪು ಸಿನಿಮಾ ನೋಡಿದೆ. ಕಾದಂಬರಿಯಲ್ಲಿ ಕುಲುಮೆಯ ಕೂಲಿಯಾಳಾಗಿ ಬರುವ ಆ ಒರಟ ಆರ್ಲಿಕ್ ಅದರಲ್ಲಿ ಇಲ್ಲವೇ ಇಲ್ಲ. ಕೊನೆ ಬೇರೆ. ಇಪ್ಪತ್ತರ ಹುಡುಗ ಆಗಿರಬೇಕಾದ ಕಥಾನಾಯಕ ಪಿಪ್ ನೋಡಿದರೆ ಅಂಕಲ್ ಥರ ಇದ್ದಾನೆ. ಆದರೂ ಇದನ್ನು ದೊಡ್ಡ ಸಿನಿಮಾ ಅನ್ನುತ್ತಾರಲ್ಲ, ಯಾಕೆ? ಮಗಳಂತೂ ಇನ್ನೂ ಪುಸ್ತಕ ಮುಟ್ಟಿಲ್ಲ. ‘ಸಿನಿಮಾ ನೋಡಿದ್ರೆ ಸಾಕಲ್ವಾ?’ ಅಂತಾಳೆ. ಏನು ಹೇಳಲಿ?

ಉತ್ತರ: ನಿಮ್ಮ ಮೂರು ದೂರುಗಳೂ ನಿಜ. ಒಂದನ್ನೂ ತಳ್ಳಿಹಾಕುವುದಿಲ್ಲ. ಇನ್ನೆರಡು ನಾನೇ ಸೇರಿಸುತ್ತೇನೆ. ಆದರೂ ಈ ಸಿನಿಮಾವನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ, ಮೊದಲ ಅರ್ಧ ಗಂಟೆ ಇವತ್ತಿಗೂ ಬೇಸರವಾಗಿಲ್ಲ.

ಪುಸ್ತಕ ಓದದವರಿಗಾಗಿ ಕಥೆ ಎರಡು ಮಾತಿನಲ್ಲಿ. ಪಿಪ್ ಅಪ್ಪ ಅಮ್ಮ ಇಲ್ಲದ ಹುಡುಗ. ಬಾಯಿಬಡುಕಿ ಅಕ್ಕ, ದೇವರಂಥ ಭಾವ ಜೋ. ಭಾವನದು ಕಮ್ಮಾರಿಕೆ. ಒಂದು ಸಂಜೆ ಸ್ಮಶಾನದಲ್ಲಿ ಜೈಲಿನಿಂದ ತಪ್ಪಿಸಿಕೊಂಡ ಕೈದಿ ಮ್ಯಾಗ್ವಿಚ್ ಪಿಪ್‌ನನ್ನು ಹಿಡಿಯುತ್ತಾನೆ. ಅವನಿಗೆ ಹುಡುಗ ತಿಂಡಿ ಕದ್ದು ತಂದುಕೊಡುತ್ತಾನೆ, ಕಾಲ್ಬೇಡಿ ಕೊಯ್ಯಲು ಅರ ತಂದುಕೊಡುತ್ತಾನೆ. ಆಮೇಲೆ ಊರಿನ ಶ್ರೀಮಂತ ಹೆಂಗಸು ಮಿಸ್ ಹ್ಯಾವಿಶಾಮ್ ಮನೆಗೆ ಹೋಗಿ ಆಕೆಯ ಸಾಕುಮಗಳು ಎಸ್ಟೆಲ್ಲಾಗೆ ಮನಸೋಲುತ್ತಾನೆ. ಮುಂದೆ ಯಾರೋ ಗುಟ್ಟಾಗಿ ದುಡ್ಡು ಕೊಟ್ಟು ಅವನನ್ನು ಲಂಡನ್ನಿನಲ್ಲಿ ದೊಡ್ಡ ಮನುಷ್ಯನನ್ನಾಗಿ ಮಾಡುತ್ತಾರೆ. ಅದು ಹ್ಯಾವಿಶಾಮ್ ಅಂದುಕೊಂಡಿರುತ್ತಾನೆ. ಅಲ್ಲ, ಆ ಕೈದಿ.

ಡಿಕನ್ಸ್ ಇದನ್ನು ವಾರಕ್ಕೊಂದು ಕಂತಿನಂತೆ ಬರೆದ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ 36 ಕಂತು, ಒಟ್ಟು 59 ಅಧ್ಯಾಯ. ಸಿನಿಮಾ ಇರುವುದು ಎರಡು ಗಂಟೆಗೆ ಎರಡು ನಿಮಿಷ ಕಡಿಮೆ. ಏನನ್ನಾದರೂ ಬಿಡಲೇಬೇಕು. ಏನನ್ನು ಬಿಟ್ಟರು ಅನ್ನುವುದಕ್ಕಿಂತ ಏನನ್ನು ಉಳಿಸಿಕೊಂಡರು ಅಂತ ಮೊದಲು ನೋಡೋಣ.

ಸ್ಮಶಾನದ ದೃಶ್ಯವನ್ನೇ ತೆಗೆದುಕೊಳ್ಳಿ. ಕಾದಂಬರಿಯಲ್ಲಿ ಪಿಪ್ ಅಪ್ಪ ಅಮ್ಮನ ಸಮಾಧಿ ಕಲ್ಲಿನ ಮೇಲಿನ ಅಕ್ಷರಗಳ ಆಕಾರ ನೋಡಿ ಅವರು ಹೇಗಿದ್ದಿರಬಹುದು ಅಂತ ಊಹಿಸುತ್ತಾನೆ. ಪಕ್ಕದಲ್ಲಿ ಸತ್ತುಹೋದ ಐದು ತಮ್ಮಂದಿರ ಪುಟ್ಟ ಪುಟ್ಟ ಕಲ್ಲುಗಳು. ಕೆಂಟ್ ಸೀಮೆಯ ಕೂಲಿಂಗ್ ಎಂಬ ಹಳ್ಳಿಯ ಚರ್ಚಿನಲ್ಲಿ ಅಂಥ ಎಳೆ ಮಕ್ಕಳ ಸಮಾಧಿಗಳು ಈಗಲೂ ಇವೆ. ಡಿಕನ್ಸ್ ಮನೆಯಿಂದ ಅದು ಹೆಚ್ಚು ದೂರವೇನಲ್ಲ. ಹುಡುಗ ಕೂತು ಅಳಲು ಶುರುಮಾಡಿದಾಗ ಮೊದಲು ಕೇಳುವುದು ಒಂದು ದನಿ. ‘ಸದ್ದು ಮಾಡಬೇಡ!’ ಆಮೇಲೆ ಸಮಾಧಿಗಳ ನಡುವಿನಿಂದ ಮನುಷ್ಯ ಏಳುತ್ತಾನೆ.

ಲೀನ್ ಇದನ್ನು ತಿರುಗಿಸಿದ. ಪುಸ್ತಕವೊಂದು ತೆರೆದುಕೊಳ್ಳುತ್ತದೆ, ದೊಡ್ಡವನಾದ ಪಿಪ್‌ನ ದನಿ ಮೊದಲ ಸಾಲುಗಳನ್ನು ಓದುತ್ತದೆ, ಗಾಳಿಗೆ ಹಾಳೆಗಳು ಪಟಪಟ ಮಗುಚುತ್ತವೆ. ಅದೇ ಗಾಳಿ ಜೌಗು ನೆಲದ ಮೇಲೆ ಬೀಸುತ್ತದೆ. ಪರದೆಯ ತುಂಬಾ ಆಕಾಶ. ಕೆಳಗೆ ನೇಣುಗಂಬ. ಇರುವೆಯಷ್ಟು ಸಣ್ಣ ಹುಡುಗ ಓಡಿಬರುತ್ತಿದ್ದಾನೆ. ಸ್ಮಶಾನದಲ್ಲಿ ಬೋಳು ಮರ ಕಿರ್ ಅನ್ನುತ್ತದೆ. ಹುಡುಗ ತಿರುಗಿ ನೋಡುತ್ತಾನೆ. ಮರಕ್ಕೆ ಕೈ ಬಂದ ಹಾಗಿದೆ. ಇನ್ನೊಂದು ಮರಕ್ಕೆ ಮುಖವೇ ಇದೆ. ಎದ್ದು ಓಡುತ್ತಾನೆ. ಕ್ಯಾಮೆರಾ ಅವನ ಜೊತೆಯೇ ಪಕ್ಕಕ್ಕೆ ಸರಿಯುತ್ತದೆ. ನಮಗೆ ‘ಸದ್ಯ, ಹುಡುಗ ಹೊರಟ’ ಅಂತ ನಿರಾಳ. ಅಷ್ಟರಲ್ಲಿ ಧಡ್ ಅಂತ ಒಂದು ಭಾರೀ ದೇಹಕ್ಕೆ ಡಿಕ್ಕಿ. ಚೀರಾಟ. ದನಿ ಬರುವುದು ಅದಾದ ಮೇಲೆ.

ಹಿಂದೆ ಫಿಲ್ಮ್ ಸೊಸೈಟಿಯಲ್ಲಿ ಇದನ್ನು ತೋರಿಸಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರ ಕೈಯಲ್ಲಿದ್ದ ಕಾಫಿ ಪಂಚೆ ಮೇಲೆ ಚೆಲ್ಲಿತು. ಅವರಿಗೆ ಕಥೆ ಬಾಯಿಪಾಠ. ಕೈದಿ ಬರುತ್ತಾನೆ ಅಂತ ಗೊತ್ತು. ಆದರೂ ಬೆಚ್ಚಿದರು. ಈ ತಂತ್ರ ಕೆಲಸ ಮಾಡುವುದು ಹೀಗೆ: ಹೆದರಿಸುವ ವಸ್ತುವನ್ನು ಮೊದಲು ತೋರಿಸಿ ಆಮೇಲೆ ಹುಡುಗನ ಮುಖ ತೋರಿಸಿದರೆ, ನಮಗೆ ಅವನಿಗಿಂತ ಮುಂಚೆ ಗೊತ್ತಾಗಿಬಿಡುತ್ತದೆ. ಲೀನ್ ಆ ಅರೆಕ್ಷಣವನ್ನೂ ಕೊಡುವುದಿಲ್ಲ. ಹುಡುಗನಿಗೆ ಗೊತ್ತಾದಾಗಲೇ ನಮಗೂ ಗೊತ್ತಾಗುವುದು. ನಿರ್ದೇಶಕನಾಗುವ ಮುಂಚೆ ಆತ ವರ್ಷಗಟ್ಟಲೆ ಸಂಕಲನದ ಮೇಜಿನ ಮುಂದೆ ಕೂತಿದ್ದವನು. ಅದು ಇಲ್ಲಿ ಕಾಣುತ್ತದೆ.

ಇನ್ನೊಂದು ತಮಾಷೆ. ಆ ಸ್ಮಶಾನ ನಿಜವಾದದ್ದಲ್ಲ, ಸೆಟ್. ದೂರದಲ್ಲಿ ಕಾಣುವ ಚರ್ಚನ್ನು ಬೇಕೆಂದೇ ಚಿಕ್ಕದಾಗಿ ಕಟ್ಟಿ ದೂರ ಇರುವ ಹಾಗೆ ಕಣ್ಣಿಗೆ ಮೋಸ ಮಾಡಿದ್ದಾರೆ. ಕಲಾ ನಿರ್ದೇಶಕ ಜಾನ್ ಬ್ರಯಾನ್‌ನ ಕೈಚಳಕ. ಕಲಾ ವಿಭಾಗಕ್ಕೂ ಛಾಯಾಗ್ರಹಣಕ್ಕೂ ಈ ಸಿನಿಮಾಗೆ ಆಸ್ಕರ್ ಬಂತು. ಛಾಯಾಗ್ರಾಹಕ ಗೈ ಗ್ರೀನ್. ಅವನಿಗಿಂತ ಮುಂಚೆ ರಾಬರ್ಟ್ ಕ್ರಾಸ್ಕರ್ ಕ್ಯಾಮೆರಾ ಹಿಡಿದಿದ್ದ. ಚಿತ್ರೀಕರಣದ ನಡುವೆ ಅವನನ್ನು ತೆಗೆದರು. ಮುಂದೆ ಕ್ರಾಸ್ಕರ್ ಬೇರೆ ಸಿನಿಮಾಗೆ ಆಸ್ಕರ್ ಗೆದ್ದ, ಅದು ಬೇರೆ ಮಾತು.

ಮಾರನೆಯ ಬೆಳಿಗ್ಗೆ ಹುಡುಗ ಅಕ್ಕನ ಉಗ್ರಾಣದಿಂದ ಹಂದಿಮಾಂಸದ ಪೈ ಕದ್ದು ಮಂಜಿನಲ್ಲಿ ಓಡುತ್ತಾನೆ. ಮೇಯುತ್ತಿರುವ ದನಗಳು ಅವನನ್ನು ನೋಡಿ ‘ಏ ಕಳ್ಳ!’ ಅನ್ನುತ್ತವೆ. ಡಿಕನ್ಸ್ ಹೀಗೆ ಬರೆದಿದ್ದಾನೆ, ಲೀನ್ ಹಾಗೇ ದನಗಳ ಬಾಯಲ್ಲಿ ಮಾತಾಡಿಸಿದ್ದಾನೆ. ಬೇರೆ ಯಾರೇ ಆಗಿದ್ದರೂ ‘ದನ ಮಾತಾಡಿದರೆ ಜನ ನಗುತ್ತಾರೆ’ ಅಂತ ಕತ್ತರಿಸುತ್ತಿದ್ದರು. ಜನ ನಗುತ್ತಾರೆ, ನಿಜ. ಜೊತೆಗೆ ಅವರ ಎದೆಯೂ ಹೊಡೆದುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬದಿಂದ ಬೆಲ್ಲ ಕದ್ದ ಯಾರಿಗಾದರೂ ಈ ದನಗಳು ಗೊತ್ತು.

ಮಿಸ್ ಹ್ಯಾವಿಶಾಮ್ ಮನೆಯೂ ಹೀಗೆಯೇ. ಮದುವೆಯ ದಿನ ವರ ಕೈಕೊಟ್ಟಾಗ ಎಂಟು ನಲವತ್ತಕ್ಕೆ ಗಡಿಯಾರ ನಿಲ್ಲಿಸಿದವಳು. ಮದುವೆ ಸೀರೆ ಬಿಚ್ಚದೆ ಕೂತವಳು ಅಂತ ಬರೆಯಲು ಹೋಗಿದ್ದೆ ನೋಡಿ. ಅವಳದು ಗೌನು. ಮೇಜಿನ ಮೇಲೆ ಮದುವೆಯ ಕೇಕು, ಜೇಡರ ಬಲೆ, ಧೂಳು. ಹುಡುಗನನ್ನು ಎಸ್ಟೆಲ್ಲಾ ಒಂದು ಮೇಣದಬತ್ತಿ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತಾಳೆ. ಆ ಬೆಳಕಿನ ಆಚೆ ಏನಿದೆ ಕಾಣುವುದಿಲ್ಲ. ಬಾಗಿಲ ಬಳಿ ಹುಡುಗನನ್ನು ಬಿಟ್ಟು ಬತ್ತಿ ಸಮೇತ ಹೊರಟುಹೋಗುತ್ತಾಳೆ. ಚಿಕ್ಕ ಎಸ್ಟೆಲ್ಲಾ ಆಗಿರುವುದು ಜೀನ್ ಸಿಮನ್ಸ್. ಆಗಿನ್ನೂ ಹದಿನೇಳರ ಆಸುಪಾಸು. 1989ರ ಟಿವಿ ಸರಣಿಯಲ್ಲಿ ಇದೇ ಸಿಮನ್ಸ್ ಮಿಸ್ ಹ್ಯಾವಿಶಾಮ್ ಪಾತ್ರ ಮಾಡಿದಳು. ಕಾದಂಬರಿಯ ಅರ್ಥವನ್ನೇ ಆಕೆಯ ನಟನಾ ಜೀವನ ಬರೆದ ಹಾಗಿದೆ.

ಈಗ ಆರ್ಲಿಕ್.

ಸಿನಿಮಾ ಬರೆಯಲು ಕೂತಾಗ ಲೀನ್ ಮತ್ತು ನಿರ್ಮಾಪಕ ರೊನಾಲ್ಡ್ ನೀಮ್ ಇಟ್ಟುಕೊಂಡ ನಿಯಮ ಸರಳ. ಪುಸ್ತಕದ ಎಲ್ಲ ಪಾತ್ರಗಳನ್ನೂ ಒಂದೊಂದು ಸಲ ಮೂಸಿ ಬಿಡುವುದು ಬೇಡ. ಇಷ್ಟವಾದ ದೃಶ್ಯಗಳನ್ನು ಆರಿಸಿ, ಅವಕ್ಕೆ ಪೂರ್ತಿ ಜಾಗ ಕೊಡೋಣ. ಉಳಿದದ್ದು ಹೋಗಲಿ. ಹಾಗೆ ಹೋದವರಲ್ಲಿ ಆರ್ಲಿಕ್ ಒಬ್ಬ. ನಾಟಕದ ಹುಚ್ಚಿಗೆ ಬಿದ್ದು ಲಂಡನ್ನಿಗೆ ಹೋಗಿ ಹ್ಯಾಮ್ಲೆಟ್ ಪಾತ್ರ ಮಾಡಿ ನಗೆಪಾಟಲಾಗುವ ವಾಪ್ಸಲ್‌ನ ಕಥೆ ಹೋಯಿತು. ವಕೀಲರ ಗುಮಾಸ್ತ ವೆಮಿಕ್‌ನ ಮದುವೆ ಹೋಯಿತು. ಆ ಮದುವೆ ಹೋದದ್ದು ನನಗೆ ಹೊಟ್ಟೆ ಉರಿ. ಮೀನು ಹಿಡಿಯುವ ಗಾಳ ಹೆಗಲಿಗೆ ಹಾಕಿಕೊಂಡು ವಾಕಿಂಗ್ ಹೊರಟವನು ‘ಅರೆ, ಚರ್ಚು! ಬಾ ಒಳಗೆ ಹೋಗೋಣ’ ಅಂತ ಮದುವೆಯಾಗಿ ಬರುತ್ತಾನೆ. ಆದರೆ ಅದಿಲ್ಲದಿದ್ದರೂ ಕಥೆಗೆ ಏನೂ ಆಗುವುದಿಲ್ಲ.

ಆರ್ಲಿಕ್ ಹೋದರೆ ಆಗುತ್ತದೆ. ಜೋನ ಕುಲುಮೆಯಲ್ಲಿ ಕೂಲಿಗಿರುವ ಈ ಒರಟ ಕಾದಂಬರಿಯಲ್ಲಿ ಪಿಪ್‌ನ ಅಕ್ಕನ ತಲೆಗೆ ಹೊಡೆಯುತ್ತಾನೆ. ಅವಳು ಮಾತು ಕಳೆದುಕೊಂಡು ಮೂಲೆ ಸೇರುತ್ತಾಳೆ, ವರ್ಷಗಳ ನಂತರ ಸಾಯುತ್ತಾಳೆ. ಹೊಡೆದದ್ದು ಯಾವುದರಲ್ಲಿ? ಕೊಯ್ದು ಬಿಸಾಡಿದ್ದ ಕಾಲ್ಬೇಡಿಯಲ್ಲಿ. ಮ್ಯಾಗ್ವಿಚ್‌ನ ಕಾಲಿನದೇ ಅದು. ಕೊಯ್ಯಲು ಅರ ತಂದುಕೊಟ್ಟವನು ಪಿಪ್. ಅಂದರೆ ಅಕ್ಕನನ್ನು ಹೊಡೆದ ಆಯುಧ ಒಂದು ರೀತಿಯಲ್ಲಿ ತಾನೇ ಒದಗಿಸಿದ್ದು. ಇದನ್ನು ಪಿಪ್ ಯಾರಿಗೂ ಹೇಳುವುದಿಲ್ಲ. ಎಷ್ಟೋ ಅಧ್ಯಾಯಗಳಾದ ಮೇಲೆ ಸುಣ್ಣದ ಗೂಡಿನ ಹತ್ತಿರ ಆರ್ಲಿಕ್ ಪಿಪ್‌ನನ್ನು ಕಟ್ಟಿಹಾಕಿ ಕೊಲ್ಲಲು ನಿಂತಾಗ ಹೇಳುವ ಮಾತು ಇದೇ: ನಿನ್ನ ಅಕ್ಕನನ್ನು ಮುಗಿಸಿದ್ದು ನೀನೇ ಕಣೋ. ಕೈ ಮಾತ್ರ ನನ್ನದು.

ಹುಡುಗನಿಗೆ ದಿನಾ ಹೊಡೆಯುತ್ತಿದ್ದ ಅಕ್ಕ. ಅವಳಿಗೊಂದು ಗತಿ ಕಾಣಲಿ ಅಂತ ಅವನು ಒಂದು ಸಲವೂ ಅಂದುಕೊಂಡಿರಲಿಲ್ಲವೇ? ಆರ್ಲಿಕ್ ಅವನ ಮನಸ್ಸಿನ ಕತ್ತಲೆಯ ಕೋಣೆ ಅಂತ ವಿಮರ್ಶಕರು ಬರೆದಿದ್ದಾರೆ. ಒಪ್ಪುವಂಥ ಮಾತು. ಸಿನಿಮಾದಲ್ಲಿ ಅಕ್ಕ ಸುಮ್ನೆ ಕಾಯಿಲೆ ಬಿದ್ದು ಸಾಯುತ್ತಾಳೆ, ಅದೂ ನಿರೂಪಣೆಯ ಒಂದೆರಡು ಮಾತಿನಲ್ಲಿ. ಪಿಪ್‌ನ ಮೇಲಿದ್ದ ಪಾಪದ ಭಾರ ಹಗುರವಾಯಿತು. ಉಳಿದದ್ದು ಭಯ ಮಾತ್ರ. ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ಲೀನ್ ನಿಷ್ಠೆ ತೋರಿಸಿದ್ದು ಪಿಪ್‌ನ ಭಯಕ್ಕೆ. ಪಿಪ್‌ನ ತಪ್ಪಿಗೆ ಅಲ್ಲ. ಅದಕ್ಕೇ ಹುಡುಗ ಹುಡುಗನಾಗಿರುವ ತನಕ ಸಿನಿಮಾ ಕಾದಂಬರಿಗೆ ಭುಜ ಕೊಟ್ಟು ನಿಲ್ಲುತ್ತದೆ. ಅವನು ದೊಡ್ಡವನಾದ ಕೂಡಲೇ ಸ್ವಲ್ಪ ಸೊರಗುತ್ತದೆ.

ನೀವು ಹೇಳಿದ ಅಂಕಲ್ ವಿಷಯಕ್ಕೆ ಬರೋಣ. ದೊಡ್ಡ ಪಿಪ್ ಆಗಿರುವ ಜಾನ್ ಮಿಲ್ಸ್ ಹುಟ್ಟಿದ್ದು 1908ರಲ್ಲಿ. ಆಗ ಅವನಿಗೆ ಮೂವತ್ತೆಂಟರ ಹತ್ತಿರ. ಪಿಪ್‌ಗೆ ಇಪ್ಪತ್ತೊಂದು ತುಂಬುವ ದೃಶ್ಯದಲ್ಲಿ ಮುಜುಗರವಾಗುವುದು ನಿಜ. ಪಕ್ಕದಲ್ಲಿ ಗೆಳೆಯ ಹರ್ಬರ್ಟ್ ಆಗಿ ಅಲೆಕ್ ಗಿನ್ನೆಸ್. ಅವನಿಗೂ ಮೂವತ್ತು ದಾಟಿತ್ತು, ಆದರೆ ಅವನ ಮುಖದಲ್ಲಿ ಹಾಲುಗಲ್ಲದ ನಗು ಇದೆ, ದಾಟಿಹೋಗುತ್ತದೆ. ಗಿನ್ನೆಸ್‌ಗೆ ತೆರೆಯ ಮೇಲೆ ಹೆಸರು ತಂದ ಮೊದಲ ಪಾತ್ರ ಇದು. 1939ರಲ್ಲಿ ಆತನೇ ಈ ಕಾದಂಬರಿಯನ್ನು ನಾಟಕ ಮಾಡಿದ್ದ, ತಾನೇ ಹರ್ಬರ್ಟ್ ಆಗಿದ್ದ, ಮಾರ್ಟಿಟಾ ಹಂಟ್ ಮಿಸ್ ಹ್ಯಾವಿಶಾಮ್ ಆಗಿದ್ದಳು. ಅದನ್ನು ನೋಡಿದ ಲೀನ್ ಮನಸ್ಸಿನಲ್ಲಿಟ್ಟುಕೊಂಡಿದ್ದು ಏಳು ವರ್ಷದ ಮೇಲೆ ಇಬ್ಬರನ್ನೂ ಅದೇ ಪಾತ್ರಗಳಿಗೆ ಕರೆದ.

ಆದರೆ ವಯಸ್ಸಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪುಸ್ತಕದಲ್ಲಿ ಇಬ್ಬರು ಪಿಪ್‌ಗಳಿದ್ದಾರೆ. ಒಬ್ಬ ತಪ್ಪು ಮಾಡುವವನು, ಇನ್ನೊಬ್ಬ ವರ್ಷಗಳ ನಂತರ ಕೂತು ಆ ತಪ್ಪನ್ನು ಬರೆಯುವವನು. ಎರಡನೆಯವನು ಮೊದಲನೆಯವನನ್ನು ಬಿಡದೆ ಚುಚ್ಚುತ್ತಿರುತ್ತಾನೆ. ಇದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಜೋ ಲಂಡನ್ನಿಗೆ ಬರುವ ದೃಶ್ಯ ನೋಡಿ. ಹಳ್ಳಿಯ ಕಮ್ಮಾರ, ಭಾನುವಾರದ ಬಿಗಿಯಾದ ಬಟ್ಟೆ. ಟೋಪಿ ಎಲ್ಲಿಡಬೇಕು ಗೊತ್ತಾಗದೆ ಬೆಂಕಿಗೂಡಿನ ಮೇಲಿನ ಹಲಗೆಯ ಅಂಚಿಗೆ ಇಡುತ್ತಾನೆ. ಅದು ಬೀಳುತ್ತದೆ. ಹಿಡಿಯುತ್ತಾನೆ. ಮತ್ತೆ ಇಡುತ್ತಾನೆ. ಬರ್ನಾರ್ಡ್ ಮೈಲ್ಸ್ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆಂದರೆ ಮಾತೇ ಬೇಡ. ಆದರೆ ಸಿನಿಮಾ ಅಷ್ಟಕ್ಕೆ ಬಿಡದೆ ಮಿಲ್ಸ್‌ನ ದನಿಯಲ್ಲಿ ಹೇಳಿಸುತ್ತದೆ: ದೊಡ್ಡ ಮನುಷ್ಯನಾಗಲು ಹೋಗಿ ನಾನು ದೊಡ್ಡಸ್ತಿಕೆಯವನಾದೆ ಅಂತ. ತೀರ್ಪು ಕೊಟ್ಟು ಮುಗಿಸಿದ ಹಾಗಾಯಿತು.

ಡಿಕನ್ಸ್ ಹೀಗೆ ಬರೆಯುವುದಿಲ್ಲ. ಜೋ ಬರುತ್ತಾನೆ ಅನ್ನುವ ಕಾಗದ ಓದಿದಾಗ ಪಿಪ್ ಏನು ಹೇಳುತ್ತಾನೆ ಗೊತ್ತಾ? ದುಡ್ಡು ಕೊಟ್ಟು ಅವನನ್ನು ಬಾರದ ಹಾಗೆ ಮಾಡುವಂತಿದ್ದರೆ ಖಂಡಿತ ಕೊಡುತ್ತಿದ್ದೆ ಅನ್ನುತ್ತಾನೆ. ತನ್ನನ್ನು ಎತ್ತಿ ಆಡಿಸಿದವನ ಬಗ್ಗೆ! ನಗರ ಸೇರಿ ನಾಲ್ಕು ಕಾಸು ನೋಡಿದ ಮೇಲೆ ಊರಿನಿಂದ ಚೀಲ ಹಿಡಿದು ಬಂದ ಸೋದರಮಾವನನ್ನು ಆಫೀಸಿನವರ ಮುಂದೆ ಪರಿಚಯ ಮಾಡಿಕೊಡಲು ಹಿಂದೆಮುಂದೆ ನೋಡಿದವರಿಗೆ ಈ ಸಾಲು ಚುರುಕ್ ಅನ್ನುತ್ತದೆ. ನನಗೂ ಅಂದಿದೆ. ಹೊರಡುವಾಗ ಜೋ ಹೇಳುವ ಮಾತನ್ನಂತೂ ಪುಸ್ತಕದಲ್ಲೇ ಓದಬೇಕು. ಬದುಕು ಅಂದರೆ ಬೆಸುಗೆ ಹಾಕಿದ ಅಗಲಿಕೆಗಳ ಸಾಲು ಕಣಪ್ಪಾ. ಒಬ್ಬ ಕಮ್ಮಾರ, ಒಬ್ಬ ಅಕ್ಕಸಾಲಿ, ಒಬ್ಬ ತಾಮ್ರದ ಕೆಲಸದವ. ಈ ಬಟ್ಟೆಯಲ್ಲಿ ನಾನು ಸರಿಯಿಲ್ಲ, ಕುಲುಮೆಯಿಂದ ಈಚೆ ಬಂದರೆ ನಾನು ಸರಿಯಿಲ್ಲ. ತನ್ನ ಕಸುಬಿನ ಮಾತಿನಲ್ಲೇ ಅವನು ಹುಡುಗನನ್ನು ಕ್ಷಮಿಸಿ ಹೋಗುತ್ತಾನೆ.

ಉಳಿದದ್ದು ಕೊನೆ. ‘ಸಿನಿಮಾದವರು ಕೊನೆ ಬದಲಾಯಿಸಿದರು’ ಅಂತ ಬೈಯುವ ಮುಂಚೆ ಒಂದು ವಿಷಯ. ಡಿಕನ್ಸ್ ತಾನೇ ಒಂದು ಸಲ ಬದಲಾಯಿಸಿದ್ದ. ಮೊದಲು ಬರೆದ ಕೊನೆಯಲ್ಲಿ ಎಸ್ಟೆಲ್ಲಾಳ ಕ್ರೂರಿ ಗಂಡ ಡ್ರಮಲ್ ಸತ್ತಿದ್ದಾನೆ, ಅವಳು ಒಬ್ಬ ಡಾಕ್ಟರನ್ನು ಮದುವೆಯಾಗಿದ್ದಾಳೆ. ಪಿಪ್ ಲಂಡನ್ನಿನ ಬೀದಿಯಲ್ಲಿ ಜೋನ ಪುಟ್ಟ ಮಗನನ್ನು ಕರೆದುಕೊಂಡು ಹೋಗುತ್ತಿರುವಾಗ ಅವಳ ಗಾಡಿ ನಿಲ್ಲುತ್ತದೆ. ಮಗು ಪಿಪ್‌ನದೇ ಅಂದುಕೊಂಡು ಎತ್ತಿ ಮುದ್ದಿಸುತ್ತಾಳೆ. ಅವನು ತಿದ್ದುವುದಿಲ್ಲ. ಅಷ್ಟೇ. ಗೆಳೆಯ ಬುಲ್ವರ್ ಲಿಟನ್ ‘ಇದು ತುಂಬಾ ಬೇಸರ, ಬದಲಾಯಿಸು’ ಅಂದ. ಡಿಕನ್ಸ್ ಬದಲಾಯಿಸಿದ. ಅಚ್ಚಾದ ಕೊನೆಯಲ್ಲಿ ಇಬ್ಬರೂ ಹ್ಯಾವಿಶಾಮ್‌ಳ ಕೆಡವಿದ ಮನೆಯ ಜಾಗದಲ್ಲಿ ಮಂಜು ಸರಿಯುವಾಗ ಭೇಟಿಯಾಗುತ್ತಾರೆ, ಕೈ ಹಿಡಿದು ಹೊರಗೆ ಬರುತ್ತಾರೆ. ಇನ್ನೊಂದು ಅಗಲಿಕೆಯ ನೆರಳು ಕಾಣಲಿಲ್ಲ ಅನ್ನುತ್ತಾನೆ ಪಿಪ್. ಮದುವೆಯಾದರಾ? ಡಿಕನ್ಸ್ ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋಗಿದ್ದಾನೆ.

ಲೀನ್ ಎರಡನ್ನೂ ತೆಗೆದುಕೊಳ್ಳಲಿಲ್ಲ. ಮೂರನೆಯ ಕೊನೆ ಬರೆದದ್ದು ಕೇ ವಾಲ್ಶ್. ಚಿತ್ರಕಥೆ ಬರೆದವರಲ್ಲಿ ಒಬ್ಬಳು, ಆಗ ಲೀನ್‌ನ ಹೆಂಡತಿ. ಈ ಕೊನೆಯಲ್ಲಿ ಮನೆ ಇನ್ನೂ ನಿಂತಿದೆ. ಎಸ್ಟೆಲ್ಲಾಳ ಹೆತ್ತವರು ಯಾರೆಂದು ತಿಳಿದು ಡ್ರಮಲ್ ಮದುವೆಗೆ ಮುಂಚೆಯೇ ಅವಳನ್ನು ಕೈಬಿಟ್ಟಿದ್ದಾನೆ. ಅವಳು ಸತ್ತ ಹ್ಯಾವಿಶಾಮ್‌ನ ಕುರ್ಚಿಯಲ್ಲೇ ಕೂತಿದ್ದಾಳೆ. ಇನ್ನು ಇಲ್ಲೇ ಇರುತ್ತೇನೆ ಅನ್ನುತ್ತಾಳೆ. ಪಿಪ್‌ಗೆ ಸಿಟ್ಟು ಬರುತ್ತದೆ. ಸತ್ತವಳನ್ನೇ ಕೂಗಿ ‘ಮಿಸ್ ಹ್ಯಾವಿಶಾಮ್, ಬಿಸಿಲು ಒಳಗೆ ಬಿಡಲು ವಾಪಸ್ ಬಂದಿದ್ದೇನೆ’ ಅಂತ ಪರದೆಗಳನ್ನು ಕಿತ್ತು ಎಳೆಯುತ್ತಾನೆ. ವರ್ಷಾಂತರದ ಧೂಳು ಸುರಿಯುತ್ತದೆ. ಬೆಳಕು ನುಗ್ಗುತ್ತದೆ.

ಇದು ಬಿಡುಗಡೆಯಾಗಿದ್ದು 1946ರ ಡಿಸೆಂಬರ್‌ನಲ್ಲಿ. ಬಾಂಬಿನ ಭಯಕ್ಕೆ ವರ್ಷಗಟ್ಟಲೆ ರಾತ್ರಿ ಕಿಟಕಿಗೆ ಕಪ್ಪು ಪರದೆ ಹಾಕಿಕೊಂಡು ಬದುಕಿದ ಲಂಡನ್ನಿನ ಜನ, ಯುದ್ಧ ಮುಗಿದು ಒಂದೂವರೆ ವರ್ಷವಾಗಿತ್ತಷ್ಟೇ. ಅವರಿಗೆ ಪರದೆ ಕಿತ್ತೆಸೆಯುವುದು ಏನಾಗಿ ಕಂಡಿರಬೇಡ! ನನ್ನ ಪ್ರಕಾರ ಸಿನಿಮಾಗೆ ಇದು ಸರಿಯಾದ ಕೊನೆ. ಮೇಣದಬತ್ತಿಯ ಕತ್ತಲೆಯಿಂದ ಶುರುವಾದದ್ದು ಬಿಸಿಲಿನಲ್ಲಿ ಮುಗಿಯಿತು.

ಆದರೆ ಎಸ್ಟೆಲ್ಲಾಗೆ ಮೋಸವಾಯಿತು. ಕಾದಂಬರಿಯಲ್ಲಿ ಅವಳು ಡ್ರಮಲ್‌ನನ್ನು ಮದುವೆಯಾಗಿ, ಏಟು ತಿಂದು, ಕಳೆದುಕೊಳ್ಳಬೇಕಾದ್ದನ್ನೆಲ್ಲ ಕಳೆದುಕೊಂಡು ಬಂದಿರುತ್ತಾಳೆ. ಬಗ್ಗಿದೆ, ಮುರಿದೆ, ಈಗ ಮೊದಲಿಗಿಂತ ಒಳ್ಳೆಯ ರೂಪಕ್ಕೆ ಬಂದಿದ್ದೇನೆ ಅಂದುಕೊಂಡಿದ್ದೇನೆ ಅನ್ನುತ್ತಾಳೆ. ಕುಲುಮೆಯಲ್ಲಿ ಬೆಳೆದ ಪಿಪ್‌ಗೆ ಅರ್ಥವಾಗುವ ಮಾತು ಅದು. ಅವಳನ್ನು ಬದಲಾಯಿಸಿದ್ದು ಅವಳ ಬದುಕು. ಸಿನಿಮಾದಲ್ಲಿ ಗಂಡಸೊಬ್ಬ ಬಂದು ಪರದೆ ಎಳೆದು ಬದಲಾಯಿಸುತ್ತಾನೆ.

ದೊಡ್ಡ ಸಿನಿಮಾ ಅನ್ನುವುದು ಯಾಕೆ ಅಂತ ಕೇಳಿದಿರಿ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮಾಡಿಸಿದ ನೂರು ಬ್ರಿಟಿಷ್ ಸಿನಿಮಾಗಳ ಪಟ್ಟಿಯಲ್ಲಿ ಇದು 5ನೆಯದು. ಪಟ್ಟಿ ಬಿಡಿ. ಇದೇ ಕಥೆಯನ್ನು 1917ರ ಮೂಕಿಯಿಂದ ಹಿಡಿದು ಕಾಶ್ಮೀರಕ್ಕೆ ಹೊತ್ತೊಯ್ದ 2016ರ ಹಿಂದಿ ಸಿನಿಮಾದವರೆಗೆ ಎಷ್ಟೋ ಜನ ಮಾಡಿದ್ದಾರೆ. ಆಮೇಲೆ ಬಂದ ಯಾವ ಮ್ಯಾಗ್ವಿಚ್ ಸ್ಮಶಾನದಲ್ಲಿ ಎದ್ದರೂ ನೋಡುವವನ ತಲೆಯಲ್ಲಿ ಲೀನ್‌ನ ಮ್ಯಾಗ್ವಿಚ್ ಮೊದಲು ಏಳುತ್ತಾನೆ. ನನಗಂತೂ ಕಾರಣ ಅಷ್ಟೇ ಸಾಕು. ಅಂದಹಾಗೆ ಲೀನ್ ನಮ್ಮ ಕಡೆಗೂ ಬಂದಿದ್ದವನು. ಅವನ ಕೊನೆಯ ಸಿನಿಮಾ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಬೆಂಗಳೂರು ಅರಮನೆ ಮೈದಾನದಲ್ಲಿ ಬಜಾರಿನ ಸೆಟ್ ಹಾಕಿದ್ದ. ಗುಹೆಗಳ ದೃಶ್ಯಗಳಿಗೆ ಸಾವನದುರ್ಗ, ರಾಮನಗರದ ಬಂಡೆಗಳು ಒದಗಿದವು. ಅದರಲ್ಲೂ ಗಿನ್ನೆಸ್ ಇದ್ದಾನೆ.

ಈಗ ಮಗಳ ವಿಷಯ. ಸಿನಿಮಾ ನೋಡಿದರೆ ಸಾಕಾಗುವುದಿಲ್ಲ. ಹಾಗಂತ 59 ಅಧ್ಯಾಯ ಮುಗಿಸಿಯೇ ನೋಡು ಅಂದರೆ ಎರಡೂ ಆಗುವುದಿಲ್ಲ. ಮೊದಲ ಅಧ್ಯಾಯ ನಾಲ್ಕೈದು ಪುಟ. ಅದನ್ನು ನೀವೇ ಅವಳಿಗೆ ಗಟ್ಟಿಯಾಗಿ ಓದಿ ಹೇಳಿ. ಓದಿದ ಕೂಡಲೇ ಸಿನಿಮಾದ ಮೊದಲ ಹತ್ತು ನಿಮಿಷ ಹಾಕಿ, ದೀಪ ಆರಿಸಿ. ಮೊಬೈಲಿನಲ್ಲಿ ಬೇಡ, ಆ ಆಕಾಶ ಅಂಗೈಯಲ್ಲಿ ಹಿಡಿಯುವುದಿಲ್ಲ. ಅಲ್ಲಿಗೆ ನಿಲ್ಲಿಸಿಬಿಡಿ. ಮುಂದಿನದು ಅವಳೇ ಓದಲಿ, 39ನೇ ಅಧ್ಯಾಯದ ತನಕ. ಮಳೆಗಾಳಿಯ ರಾತ್ರಿ ಪಿಪ್‌ನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುವ ಅಧ್ಯಾಯ ಅದು. ಅದನ್ನು ಸಿನಿಮಾದಲ್ಲಿ ಮೊದಲು ನೋಡಿಬಿಟ್ಟರೆ ಪುಸ್ತಕದ ದೊಡ್ಡ ಏಟು ವ್ಯರ್ಥ. ಆಮೇಲೆ ಪೂರ್ತಿ ಸಿನಿಮಾ ನೋಡಬಹುದು.

ಪರೀಕ್ಷೆಯಲ್ಲಿ ಕಾದಂಬರಿಯ ಕೊನೆಯ ಬಗ್ಗೆ ಪ್ರಶ್ನೆ ಬಂದರೆ ಮಾತ್ರ ಹುಷಾರಾಗಿರಲು ಹೇಳಿ. ಪಿಪ್ ಪರದೆ ಎಳೆದ ಅಂತ ಬರೆದ ಉತ್ತರ ಪತ್ರಿಕೆಗಳನ್ನು ನಾನೇ ಸಾಕಷ್ಟು ತಿದ್ದಿದ್ದೇನೆ.